ಅವಳ ಸಹಿ ನಡೆಯಲಿ, ತಾಯಿ

ಏಳು ಕೊಳ್ಳದ ಎಲ್ಲವ್ವ, ನಿನ್ನ ಮುಂದೆ ಕೈಮುಗಿದು ನಿಲ್ಲುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಹರಕೆಗಳನ್ನು ನೀನು ಕೇಳುತ್ತಲೇ ಬಂದಿದ್ದೀ. ಮಗನಿಗೆ ನೌಕರಿ ಹತ್ತಲಿ, ಗಂಡನ ಕುಡಿತ ಬಿಡಲಿ, ಸೊಸೆಯ ಮಡಿಲು ತುಂಬಲಿ, ಎತ್ತಿನ ಕಾಲುಬೇನೆ ವಾಸಿಯಾಗಲಿ, ಈ ವರ್ಷವಾದರೂ ಮುಂಗಾರು ಕೈಕೊಡದಿರಲಿ. ಬಂಡಾರ ಹಚ್ಚಿಕೊಂಡು, ಕಾಯಿ ಒಡೆಸಿ, ಉಧೋ ಉಧೋ ಎನ್ನುತ್ತ ಗುಡ್ಡ ಇಳಿಯುವವರನ್ನು ತಡೆದು ‘ನಿನಗೆಂದು ಏನು ಬೇಡಿದಿ’ ಎಂದು ಕೇಳಿದರೆ ಬಹಳ ಮಂದಿಯ ಹತ್ತಿರ ಉತ್ತರ ಇರುವುದಿಲ್ಲ. ಇವತ್ತು ನಾನು ಅವರಿಗೆಂದೇ ಬೇಡುತ್ತೇನೆ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳ ಪರವಾಗಿ, ಅವರಲ್ಲಿ ಒಬ್ಬಳಾಗಿ. ಬೇಡಿಕೆ ಒಂದೇ. ಇಲ್ಲಿಯ ಹೆಣ್ಣುಮಗಳು ಹಾಕಿದ ಸಹಿ ನಡೆಯಲಿ. ಆಕೆ ಆಡಿದ ಮಾತು ಲೆಕ್ಕಕ್ಕೆ ಬರಲಿ.

ಹೊಗಳಿಕೆಗೆ ನಮ್ಮಲ್ಲಿ ಬರವಿಲ್ಲ ತಾಯಿ. ಮಾರ್ಚ್ 8ಕ್ಕೆ ಶಾಲು ಹೊದಿಸಿ ಹಾರ ಹಾಕುತ್ತಾರೆ. ವೀರರಾಣಿಯ ನಾಡು, ಶಕ್ತಿದೇವತೆಯ ನೆಲ ಎಂದು ಭಾಷಣ ಮಾಡುತ್ತಾರೆ. ಅದನ್ನು ಬೇಡವೆನ್ನುವಷ್ಟು ಬಿಗುಮಾನ ನಮಗಿಲ್ಲ. ಆದರೆ ಹೊಲ ಪಾಲಾಗುವಾಗ, ಲಗ್ನ ಗೊತ್ತಾಗುವಾಗ, ಪಂಚಾಯ್ತಿಯಲ್ಲಿ ಠರಾವು ಬರೆಯುವಾಗ, ಠಾಣೆಯಲ್ಲಿ ಫಿರ್ಯಾದು ದಾಖಲಾಗುವಾಗ ಆ ಶಾಲು ಹೊದ್ದವಳನ್ನು ‘ನೀ ಸುಮ್ಮನ ಕೂಡು’ ಅನ್ನುತ್ತಾರೆ. ಮಾನ ಕೊಟ್ಟು ಮಾತು ಕಸಿದುಕೊಳ್ಳುವ ಈ ರೂಢಿ ಹೋಗಬೇಕು.

ನಿನ್ನ ಕಥೆಯಿಂದಲೇ ಶುರು ಮಾಡುತ್ತೇನೆ, ಸಿಟ್ಟಾಗಬೇಡ. ಮಲಪ್ರಭೆಯ ದಂಡೆಯಲ್ಲಿ ದಿನಾ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದವಳು ನೀನು. ಒಂದು ಮುಂಜಾನೆ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವರ ಮೇಲೆ ಕಣ್ಣು ಹೋಯಿತು, ಮನಸ್ಸು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಎಷ್ಟು ಹೊತ್ತು ಮರಳು ತಟ್ಟಿದರೂ ಕೊಡ ಕೂಡಲಿಲ್ಲ. ಬರಿಗೈಯಲ್ಲಿ ಬಂದವಳ ತಲೆ ಕಡಿಯಿರೆಂದು ಗಂಡ ಮಕ್ಕಳಿಗೆ ಹೇಳಿದ. ಹಿರಿಯರು ಒಲ್ಲೆವೆಂದರು. ಪರಶುರಾಮ ಕೊಡಲಿ ಎತ್ತಿದ. ವರ ಬೇಡಿ ನಿನ್ನನ್ನು ಮತ್ತೆ ಬದುಕಿಸಿಕೊಂಡವನೂ ಅವನೇ. ಈ ಕಥೆಯಲ್ಲಿ ಋಷಿಯ ಕೋಪಕ್ಕೆ ಮಾತಿದೆ, ಮಗನ ವಿಧೇಯತೆಗೆ ಮಾತಿದೆ, ಬೇಡಿದ ವರಕ್ಕೂ ಮಾತಿದೆ. ಕೊಡಲಿ ಮೇಲೆದ್ದ ಹೊತ್ತಿನಲ್ಲಿ ನೀನು ಏನೆಂದಿ? ನಡೆದದ್ದೇನು ಎಂದು ಯಾರೂ ನಿನ್ನನ್ನು ಕೇಳಲಿಲ್ಲ. ವಿಚಾರಣೆಯಿಲ್ಲದೆ ಶಿಕ್ಷೆಯಾಯಿತು. ಜೋಗತಿಯರು ಚೌಡಿಕೆ ಹಿಡಿದು ರಾತ್ರಿಯಿಡೀ ನಿನ್ನ ಪಾಡನ್ನು ಹಾಡುವಾಗ ಮಾತ್ರ ನಿನ್ನ ಕಡೆಯ ಮಾತು ಇಷ್ಟಿಷ್ಟು ಕೇಳಿಸುತ್ತದೆ.

ಇವತ್ತಿಗೂ ನಮ್ಮೂರುಗಳಲ್ಲಿ ಹುಡುಗಿಯ ಮೊಬೈಲಿನಲ್ಲಿ ಯಾರದೋ ಮೆಸೇಜು ಸಿಕ್ಕಿತೆಂದು ಕಾಲೇಜು ಬಿಡಿಸುತ್ತಾರೆ. ಬೈಲಹೊಂಗಲಕ್ಕೋ ಸವದತ್ತಿಗೋ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದವಳು ಎರಡು ತಿಂಗಳಲ್ಲಿ ಯಾವುದೋ ಊರಿನ ಸೊಸೆಯಾಗಿರುತ್ತಾಳೆ. ಮನೆಯ ಗಂಡಸರೆಲ್ಲ ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡುತ್ತಾರೆ, ಅವಳು ಒಳಗೆ ಚಹಾ ಸೋಸುತ್ತಿರುತ್ತಾಳೆ. ಅವಳನ್ನೊಮ್ಮೆ ಹೊರಗೆ ಕರೆದು ‘ನೀ ಹೇಳವಾ’ ಎನ್ನುವ ಒಬ್ಬ ಹಿರಿಯನನ್ನು ಪ್ರತಿ ಮನೆಗೂ ಕೊಡು ತಾಯಿ. ಅಜ್ಜಿಯಾದರೂ ಆದೀತು. ಅಂಥ ಅಜ್ಜಿಯರು ಇದ್ದಾರೆ, ಅವರ ದನಿಗೆ ಬಲ ಕೊಡು.

ಹೊಸ್ತಿಲ ಹುಣ್ಣಿಮೆಗೆ ನಿನ್ನ ಬಳೆ ಒಡೆಯುತ್ತಾರೆ. ಕಾರ್ತವೀರ್ಯನ ಕೈಯಲ್ಲಿ ಜಮದಗ್ನಿ ಸತ್ತನೆಂದು ಜೋಗತಿಯರೂ ಬಳೆ ಒಡೆದುಕೊಂಡು, ಕೊರಳ ಮುತ್ತು ತೆಗೆದಿಟ್ಟು, ನಿನ್ನ ಜೊತೆ ರಂಡೆತನ ಹೊರುತ್ತಾರೆ. ಕೆಲವು ವಾರ ಕಳೆದು ಮುತ್ತೈದೆ ಹುಣ್ಣಿಮೆ ಬಂದಾಗ ನೀನು ಮತ್ತೆ ಹಸಿರು ಬಳೆ ಇಟ್ಟುಕೊಳ್ಳುತ್ತೀ. ಇದನ್ನು ಆಚರಣೆಯಲ್ಲಿ ಬರೆದಿಟ್ಟವರು ಯಾರೋ, ಅವರಿಗೆ ನನ್ನ ನಮಸ್ಕಾರ. ವಿಧವೆಯಾದ ಹೆಣ್ಣನ್ನು ಮತ್ತೆ ಅರಿಶಿನ ಹಚ್ಚಿ ಒಳಗೆ ಕರೆದುಕೊಳ್ಳಬಹುದು ಎಂಬುದು ಈ ಗುಡ್ಡಕ್ಕೆ ಮೊದಲಿನಿಂದಲೂ ಗೊತ್ತು. ಆದರೆ ಸಾಲಕ್ಕೆ ಅಂಜಿ ಕ್ರಿಮಿನಾಶಕ ಕುಡಿದ ರೈತನ ಹೆಂಡತಿಗೆ ಮುತ್ತೈದೆ ಹುಣ್ಣಿಮೆ ಬರುವುದಿಲ್ಲ. ಮಗಳ ಲಗ್ನದಲ್ಲಿ ಆಕೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಕ್ಷತೆ ಹಾಕುತ್ತಾಳೆ. ಸುರಗಿ ನೀರಿಗೆ ಬೇರೆ ಹೆಣ್ಣುಮಕ್ಕಳನ್ನು ಕರೆಯುತ್ತಾರೆ. ಗಂಡ ಬಿಟ್ಟುಹೋದ ಸಾಲ ತೀರಿಸಿದವಳು ಆಕೆ, ಹತ್ತಿ ಬಿಡಿಸಿ, ಕಬ್ಬಿನ ಕಸ ತೆಗೆದು ಮಗಳನ್ನು ಓದಿಸಿದವಳು ಆಕೆ. ಆ ಲಗ್ನದ ಚಪ್ಪರದಲ್ಲಿ ಮೊದಲ ಅರಿಶಿನ ಆಕೆಯ ಕೈಯಿಂದಲೇ ಬೀಳುವಂತೆ ಮಾಡು. ನಿನಗೆ ಆಗುವುದಾದರೆ ಆಕೆಗೇಕೆ ಆಗಬಾರದು?

ಇನ್ನು ನಿನ್ನ ಹೆಸರಿನಲ್ಲಿ ನಡೆದದ್ದನ್ನು ನಿನ್ನ ಮುಂದೆಯೇ ಹೇಳಬೇಕು. ಕೆಂಪು ಬಿಳಿ ಮುತ್ತು ಪೋಣಿಸಿ ಎಳೆಯ ಹುಡುಗಿಯರ ಕೊರಳಿಗೆ ಕಟ್ಟಿದರು. ತಲೆಯಲ್ಲಿ ಜಡೆ ಕಂಡಿತೆಂದು ಕಟ್ಟಿದರು, ಮನೆಯಲ್ಲಿ ಗಂಡುಮಕ್ಕಳಿಲ್ಲವೆಂದು ಕಟ್ಟಿದರು, ಕಾಯಿಲೆ ವಾಸಿಯಾಗಲೆಂದು ಕಟ್ಟಿದರು. ಹೆಚ್ಚಿನವರು ದಲಿತರ ಕೇರಿಯ ಮಕ್ಕಳು, ಹೊಲವಿಲ್ಲದವರ ಮಕ್ಕಳು. ಮುಂಬೈ ಸರ್ಕಾರ 1934ರಲ್ಲೇ ದೇವದಾಸಿಯರ ರಕ್ಷಣೆಗೆ ಕಾನೂನು ಮಾಡಿತ್ತು, ಆಗ ನಮ್ಮ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಕರ್ನಾಟಕ 1982ರಲ್ಲಿ ಮುತ್ತು ಕಟ್ಟುವುದನ್ನೇ ನಿಷೇಧಿಸಿತು. ಆದರೂ 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರ ಹೆಸರು ಸಿಕ್ಕಿತು. 2007-08ರ ಸಮೀಕ್ಷೆಯಲ್ಲಿ ಆ ಪಟ್ಟಿ 46,660ಕ್ಕೆ ಏರಿತು. ಎರಡನೆಯ ಸಲ ಹೆಚ್ಚು ಹೆಣ್ಣುಮಕ್ಕಳು ಮುಂದೆ ಬಂದು ಹೆಸರು ಹೇಳಿದರು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಒಂದೊಂದು ಹೆಸರಿನ ಹಿಂದೆಯೂ ಯಾರೂ ಒಪ್ಪಿಗೆ ಕೇಳದ ಒಂದು ಬಾಲ್ಯ ಇದೆ.

ಆ ಮಕ್ಕಳಲ್ಲಿ ಒಬ್ಬಳಾಗಿದ್ದ ಸೀತವ್ವ ಜೋಡಟ್ಟಿಯವರನ್ನು ಇಲ್ಲಿ ನೆನೆಯುತ್ತೇನೆ. ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡವರು. ಘಟಪ್ರಭೆಯಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು, ಊರವರು ‘ಮಾಸ್’ ಎನ್ನುವ ಆ ಸಂಘವನ್ನು, ಮಾಜಿ ದೇವದಾಸಿಯರೇ ಕಟ್ಟಿ ಬೆಳೆಸಿದರು. ಸೀತವ್ವ ಅದರ ಮುಂದಾಳಾಗಿ ದುಡಿದರು. ಹುಣ್ಣಿಮೆಗಳಲ್ಲಿ ಜಾಗೃತಿಗೆ ನಿಂತರು. ಎಲ್ಲಾದರೂ ಮುತ್ತು ಕಟ್ಟುವ ಸುದ್ದಿ ಬಂದರೆ ಆ ಮನೆಗೇ ಹೋಗಿ ತಾಯಿಯ ಜೊತೆ ಕೂತು ಮಾತಾಡಿದರು. ಅದೇ ದಾರಿಯಲ್ಲಿ ನಡೆದು ಬಂದವಳ ಮಾತನ್ನು ಆ ತಾಯಿ ಕೇಳಿದಳು. ಅಧಿಕಾರಿಯ ನೋಟಿಸು ಮಾಡಲಾಗದ್ದು ಆ ಮಾತಿನಿಂದ ಆಯಿತು. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ಇನ್ನು ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿ, ನಿನ್ನ ಹಾಡನ್ನೇ ಅನ್ನವಾಗಿ ಮಾಡಿಕೊಂಡು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಯಾವ ಜೋಗತಿಯ ಕೈಯ ನೀರನ್ನು ಊರು ಹಿಂಜರಿದು ಕುಡಿಯುತ್ತಿತ್ತೋ ಅವರ ಮುಂದೆ ಊರು ಎದ್ದು ನಿಂತಿತು.

ಆದರೂ ಒಂದು ಕಾಗದ ಬಾಕಿ ಉಳಿದಿತ್ತು ತಾಯಿ. ದೇವದಾಸಿಯ ಮಗ ಶಾಲೆಗೆ ಹೆಸರು ಹಚ್ಚಲು ಹೋದಾಗ ಅರ್ಜಿಯಲ್ಲಿ ತಂದೆಯ ಹೆಸರು ಎಂಬ ಸಾಲು ಇರುತ್ತದೆ. ಮಾಸ್ತರರು ಪೆನ್ನು ಹಿಡಿದು ಕಾಯುತ್ತಾರೆ. ಹಿಂದೆ ಪಾಳಿ ಹಚ್ಚಿ ನಿಂತವರಿಗೆಲ್ಲ ಕೇಳಿಸುತ್ತದೆ. ಕೆಲವರು ದೇವರ ಹೆಸರು ಬರೆಸಿದರು, ಕೆಲವರು ಸೋದರಮಾವನ ಹೆಸರು ಬರೆಸಿದರು. ಹೆತ್ತು ಸಾಕಿದವಳು ಎದುರಿಗೇ ನಿಂತಿದ್ದರೂ ಆ ಸಾಲು ಆಕೆಯನ್ನು ಒಪ್ಪುತ್ತಿರಲಿಲ್ಲ. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಮಕ್ಕಳ ಹಕ್ಕಿನ ಮಾತು ಎತ್ತಿದೆ. ತಂದೆಯ ಹೆಸರಿಗಾಗಿ ಅವರನ್ನು ಪೀಡಿಸಬಾರದು, ತಂದೆ ಯಾರೆಂದು ಗೊತ್ತುಮಾಡಿಕೊಂಡು ಆಸ್ತಿಯಲ್ಲಿ ಹಕ್ಕು ಕೇಳಲು ದಾರಿ ಇರಬೇಕು ಎಂದಿದೆ. ಆ ಕಾನೂನು ಬೆಂಗಳೂರಿನ ಕಪಾಟಿನಲ್ಲಿ ಉಳಿಯದೆ ಉಗರಗೋಳದ ಶಾಲೆಯ ಹಾಜರಿ ಪುಸ್ತಕದವರೆಗೂ ಬರಲಿ. ನಿನ್ನ ಗುಡ್ಡದ ಬುಡದಲ್ಲೇ ಇರುವ ಊರು ಅದು.

ಕಿತ್ತೂರಿನ ಕಡೆ ಮುಖ ಮಾಡಿ ಮುಂದಿನ ಮಾತು ಹೇಳುತ್ತೇನೆ. ಚನ್ನಮ್ಮನನ್ನು ನಾವು ಕುದುರೆಯ ಮೇಲೆ, ಕತ್ತಿ ಎತ್ತಿದವಳಾಗಿ ನೋಡುತ್ತ ಬೆಳೆದೆವು. ದೆಹಲಿಯ ಸಂಸತ್ ಭವನದ ಆವರಣದಲ್ಲಿ 2007ರ ಸೆಪ್ಟೆಂಬರ್ 11ರಂದು ಆಕೆಯ ಮೂರ್ತಿ ಅನಾವರಣವಾಯಿತು. ಅದನ್ನು ಮಾಡಿದವರು ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಪ್ರತಿಭಾ ಪಾಟೀಲ. ಟಿವಿಯಲ್ಲಿ ಅದನ್ನು ನೋಡಿ ಬೈಲಹೊಂಗಲದ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಆದರೆ ಕತ್ತಿಗೂ ಮೊದಲು ಚನ್ನಮ್ಮ ಕಾಗದ ಬರೆದಿದ್ದಳು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕಾಕತಿಯ ಮಗಳು ಆಕೆ, ಮಲ್ಲಸರ್ಜ ದೇಸಾಯಿಯ ಕಿರಿಯ ಹೆಂಡತಿ. 1816ರಲ್ಲಿ ಗಂಡ ತೀರಿಕೊಂಡ. ತನ್ನ ಹೊಟ್ಟೆಯ ಮಗ ಉಳಿಯಲಿಲ್ಲ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದು 1824ರ ಸೆಪ್ಟೆಂಬರಿನಲ್ಲಿ ಕಾಯಿಲೆಯಿಂದ ಹೋದ. ಹೋಗುವ ಮೊದಲು ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತುಪತ್ರದ ಸಹಿಯನ್ನೇ ಸಂಶಯಿಸಿದ, ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ಚನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು. ದತ್ತಕ ನಮ್ಮ ಮನೆತನದ ಹಕ್ಕು ಎಂಬುದು ಆಕೆಯ ವಾದ. ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಕಾಗದದ ಮೇಲಿನ ಮಾತು ನಡೆಯದೆ ಹೋದಾಗ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಿತು. ಥ್ಯಾಕರೆ ಸತ್ತ. ಸೆರೆಸಿಕ್ಕ ಕಂಪನಿಯ ಅಧಿಕಾರಿಗಳಾದ ಸ್ಟೀವನ್‌ಸನ್ ಮತ್ತು ಎಲಿಯಟ್‌ರ ಜೀವಕ್ಕೆ ಆಕೆ ಹಾನಿ ಮಾಡಲಿಲ್ಲ, ಅವರನ್ನು ಬಿಟ್ಟುಕೊಟ್ಟಳು. ಡಿಸೆಂಬರಿನಲ್ಲಿ ದೊಡ್ಡ ಪಡೆ ಬಂದು ಕೋಟೆ ಬಿತ್ತು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿಯೇ 1829ರ ಫೆಬ್ರವರಿಯಲ್ಲಿ ಆಕೆ ಕಣ್ಣುಮುಚ್ಚಿದಳು. ಸೊಸೆಯರಾದ ವೀರಮ್ಮ ಮತ್ತು ಜಾನಕಿಬಾಯಿ ಜೊತೆಗಿದ್ದರು. ಅವರ ಹೆಸರಿಗೆ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಚನ್ನಮ್ಮನ ಸಮಾಧಿಗೆ ಹೂ ಏರಿಸುವವರ ಬಾಯಲ್ಲಿ ವೀರಮ್ಮನ ಹೆಸರೂ ಬರಲಿ ಎಂದು ಬೇಡುತ್ತೇನೆ. ಗಂಡನನ್ನು, ರಾಜ್ಯವನ್ನು ಒಂದೇ ವರ್ಷದಲ್ಲಿ ಕಳೆದುಕೊಂಡ ಹೆಣ್ಣುಮಗಳು ಆಕೆ.

ಕಿತ್ತೂರಿನ ಯುದ್ಧದ ಬೇರು ಇದ್ದದ್ದು ವಾರಸಾದಲ್ಲಿ. ಮನೆತನದ ವಾರಸುದಾರ ಯಾರೆಂದು ಹೇಳುವ ಹಕ್ಕು ಒಬ್ಬ ವಿಧವೆಗೆ ಇದೆಯೋ ಇಲ್ಲವೋ ಎಂಬುದು ಪ್ರಶ್ನೆ. 2024ರಲ್ಲಿ ಆ ವಿಜಯಕ್ಕೆ 200 ವರ್ಷ ತುಂಬಿತು, ಕಿತ್ತೂರು ಉತ್ಸವ ದೊಡ್ಡದಾಗಿ ನಡೆಯಿತು. ಜ್ಯೋತಿ ಬಂತು, ಡೊಳ್ಳು ಬಂತು, ಕೋಟೆಯ ಮುಂದೆ ಮಂದಿ ಕಿಕ್ಕಿರಿದರು. ಉತ್ಸವ ಮುಗಿದ ಮಾರನೆಯ ದಿನ ತಾಲ್ಲೂಕು ಕಚೇರಿಗಳಲ್ಲಿ ಅದೇ ವಾರಸಾದ ಅರ್ಜಿ ಹಿಡಿದ ಹೆಣ್ಣುಮಕ್ಕಳು ಗೋಡೆಗೆ ಒರಗಿ ಕೂತಿದ್ದರು. ಉತಾರದಲ್ಲಿ ತಮ್ಮ ಹೆಸರು ಏರಿತೋ ಇಲ್ಲವೋ ಎಂದು ಕೇಳಲು ಬಂದವರು.

ನಮ್ಮ ಅವ್ವನ ಮಾತು ಹೇಳುತ್ತೇನೆ. ತವರಿನ ಎರೆ ಹೊಲದಲ್ಲಿ ಆಕೆಗೂ ಪಾಲಿತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು ಬಂದಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಖಚಿತವಾಗಿ ಹೇಳಿತು. ಅವ್ವನಿಗೆ ಇದು ಯಾವುದೂ ಗೊತ್ತಿರಲಿಲ್ಲವೆಂದಲ್ಲ. ಸಬ್ ರಜಿಸ್ಟ್ರಾರ್ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಬಾಂಡ್ ರೈಟರ್ ಹಕ್ಕು ಬಿಡುಗಡೆ ಪತ್ರ ಓದಿ ಹೇಳಿದ. ನಾಲ್ಕು ದಿಕ್ಕಿನ ಚಕ್ಕುಬಂದಿ ಓದಿದ. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟದ್ದು ಎಂಬ ಸಾಲೂ ಅದರಲ್ಲಿತ್ತು. ಒಳಗೆ ಫೋಟೊ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಮನೆಗೆ ಬಂದ ಮೇಲೆ ನಮ್ಮ ಅತ್ತೆ ಅವ್ವನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಕಾಯಿ, ಉತ್ತತ್ತಿ, ಅಕ್ಕಿ, ಎಲೆ ಅಡಿಕೆ, ಒಂದು ಇಳಕಲ್ ಸೀರೆ, ಕುಬಸದ ಕಣ. ‘ತವರಮನಿ ಬಾಗಿಲ ತೆರೆದಿರಲಿ ಬಿಡವಾ, ಹೊಲ ಏನ್ ಮಾಡೂದು’ ಎಂದು ಅವ್ವ ನನಗೆ ಹೇಳಿದಳು. ಆ ಸೀರೆಯನ್ನು ಆಕೆ ಇವತ್ತಿನವರೆಗೂ ಉಟ್ಟಿಲ್ಲ, ಟ್ರಂಕಿನಲ್ಲಿದೆ. ತವರಿನ ಪ್ರೀತಿಗೂ ಹೊಲದ ಪಾಲಿಗೂ ನಡುವೆ ಒಂದನ್ನು ಆರಿಸಿಕೋ ಎಂದು ಯಾವ ಮಗನಿಗೂ ಯಾರೂ ಹೇಳುವುದಿಲ್ಲ ತಾಯಿ. ನಮ್ಮ ಹೆಣ್ಣುಮಕ್ಕಳಿಗೂ ಎರಡೂ ಇರಲಿ. ಅಣ್ಣತಮ್ಮಂದಿರ ಎದೆಯಲ್ಲಿ ಅಷ್ಟು ಜಾಗ ಮಾಡು.

ಇದರ ಇನ್ನೊಂದು ಮುಖ ನೋಡು. ಹೊಲದ ಒಡೆತನಕ್ಕೆ ಬೇಡವಾದ ಅದೇ ಹೆಬ್ಬೆಟ್ಟು ಸಾಲದ ಕಾಗದಕ್ಕೆ ಬೇಕು. ಸಂಘ, ಫೈನಾನ್ಸು, ವಾರದ ಕಂತು. ಹತ್ತು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಜಾಮೀನು. ದುಡ್ಡು ಬೋರ್‌ವೆಲ್ಲಿಗೆ ಹೋಗಿರುತ್ತದೆ, ಗಂಡನ ಹಳೇ ಸಾಲಕ್ಕೆ ಹೋಗಿರುತ್ತದೆ, ಮಗಳ ಹೆರಿಗೆಗೆ ಹೋಗಿರುತ್ತದೆ. ಕಂತು ತಪ್ಪಿದ ದಿನ ಬಾಗಿಲಿಗೆ ಬಂದು ಕೂರುವವರು ಆಕೆಯ ಹೆಸರು ಹಿಡಿದೇ ಕೂಗುತ್ತಾರೆ. 2025ರ ಆರಂಭದಲ್ಲಿ ರಾಜ್ಯದ ಹಲವೆಡೆ, ನಮ್ಮ ಜಿಲ್ಲೆಯಲ್ಲೂ, ಈ ವಸೂಲಿಯ ಕಾಟಕ್ಕೆ ಮನೆ ಬಿಟ್ಟು ಹೋದವರ ಸುದ್ದಿ ಮೇಲಿಂದ ಮೇಲೆ ಬಂತು. ಸರ್ಕಾರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯುವ ಅಧ್ಯಾದೇಶ ತಂದಿತು. ಸಂಘಗಳನ್ನು ನಾನು ಹಳಿಯುವವಳಲ್ಲ. ಸ್ತ್ರೀಶಕ್ತಿ ಗುಂಪಿನ ಪುಸ್ತಕದಲ್ಲಿ ಮೊದಲ ಸಲ ತನ್ನ ಹೆಸರು ಬರೆಯಲು ಕಲಿತ ಹೆಣ್ಣುಮಕ್ಕಳನ್ನು ಕಂಡಿದ್ದೇನೆ, ಉಳಿತಾಯದಿಂದ ಎಮ್ಮೆ ಕಟ್ಟಿದವರನ್ನು, ರೊಟ್ಟಿ ಮಾಡಿ ಮಾರುವವರನ್ನು ಕಂಡಿದ್ದೇನೆ. ಸಾಲ ಹೊರುವುದಕ್ಕೆ ಸಾಕಾಗುವ ಆ ಸಹಿ ಹೊಲಕ್ಕೂ ಮನೆಗೂ ಸಾಕಾಗಲಿ ಎಂದಷ್ಟೇ ನನ್ನ ಕೇಳಿಕೆ.

ಹೊಳೆಯ ಗುಂಟ ಕೆಳಗೆ ರಾಮದುರ್ಗದ ಕಡೆ ಬಾ. ಸುರೇಬಾನದ ಓಣಿಗಳಲ್ಲಿ ಮಗ್ಗದ ಸದ್ದು ಈಗ ಮೊದಲಿನಷ್ಟಿಲ್ಲ, ಆದರೂ ಇದೆ. ಒಂದು ಮನೆಯ ಒಳಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಗಂಡ ನೇಯುತ್ತಾನೆ. ಬಾಗಿಲ ಬೆಳಕಿಗೆ ರಾಟಿ ಇಟ್ಟುಕೊಂಡು ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈಯ ಎರಡು ಬೆರಳ ನಡುವೆ ನೂಲು ಹಾಯುತ್ತದೆ. ನೂಲು ಎಲ್ಲಿ ತೆಳುವಾಯಿತು, ಎಲ್ಲಿ ಗಂಟು ಬಂತು ಎಂದು ಆ ಬೆರಳಿಗೆ ಕಣ್ಣಿಗಿಂತ ಮೊದಲೇ ಗೊತ್ತಾಗುತ್ತದೆ. ಬೆರಳ ಸಂದಿಯಲ್ಲಿ ನೂಲು ಕೊರೆದ ಗೆರೆ ಒಂದು ನಿಂತಿದೆ. ಹೊಸ ಹಾಸು ಏರಿಸುವಾಗ ಎಳೆಗೆ ಎಳೆ ಸೇರಿಸಿ ಕೆಚ್ಚುವುದೂ ಬಹಳ ಕಡೆ ಹೆಂಗಸರ ಪಾಲಿನ ಕೆಲಸವೇ. ಆದರೆ ನೇಕಾರ ಯಾರೆಂದು ಕೇಳಿದರೆ ಆಕೆಯೇ ಗಂಡನ ಕಡೆ ಕೈ ತೋರಿಸುತ್ತಾಳೆ. ಕೂಲಿ ಸೀರೆಯ ಲೆಕ್ಕಕ್ಕೆ ಬರುತ್ತದೆ, ಕಂಡಿಕೆಗೆ ಬೇರೆ ಲೆಕ್ಕ ಇಲ್ಲ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷಕ್ಕೂ ಹೆಚ್ಚು ನೇಕಾರರು ಮತ್ತು ಪೂರಕ ಕೆಲಸಗಾರರನ್ನು ಎಣಿಸಿದರು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಗಣತಿಯವರು ಕಂಡದ್ದನ್ನು ನೇಕಾರರ ಸೊಸೈಟಿಯ ಸದಸ್ಯರ ಪುಸ್ತಕವೂ ಕಾಣಲಿ. ಅದೇ ಊರಿನ ಹತ್ತಿರ ಶಬರಿಕೊಳ್ಳ ಇದೆ. ರಾಮನಿಗಾಗಿ ಕಾದ ಕಾಡಿನ ಮುದುಕಿಗೆ ಗುಡಿ ಕಟ್ಟಿದ ನೆಲ ಇದು. ಕಾಯುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಂಡಿಕೆ ಸುತ್ತುವವಳ ಕೂಲಿ ಇನ್ನು ಕಾಯದಿರಲಿ.

ಬೈಲಹೊಂಗಲದ ಕಡೆ ನಡೆದದ್ದೆಂದು ಜನ ಹೇಳುವ ಸಂಗ್ಯಾ ಬಾಳ್ಯಾ ಕಥೆಯನ್ನು ನೀನೂ ಬಲ್ಲೆ. ಎಷ್ಟು ಜಾತ್ರೆಗಳಲ್ಲಿ, ಎಷ್ಟು ರಾತ್ರಿ ಅದು ಸಣ್ಣಾಟವಾಗಿ ನಡೆದಿದೆಯೋ. ಆ ಆಟದ ಹೆಸರಿನಲ್ಲಿ ಇಬ್ಬರು ಗೆಳೆಯರಿದ್ದಾರೆ. ಕಥೆಯೆಲ್ಲ ಯಾರ ಸುತ್ತ ಸುತ್ತುತ್ತದೆಯೋ ಆ ಗಂಗಿಯ ಹೆಸರು ಅಲ್ಲಿಲ್ಲ. ಬಹಳ ಕಾಲ ಆಕೆಯ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಆಡಿದರು. ಅಂಥ ಕಾಲದಲ್ಲಿ ನೆರೆಯ ಕೌಜಲಗಿಯ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಅಟ್ಟ ಏರಿದಳು. ಹೆಣ್ಣಿನ ಕೊರಳಿನಿಂದಲೇ ಹೆಣ್ಣಿನ ಮಾತು ಬಂದದ್ದನ್ನು ಜನ ಬೆಳಗಾಗುವವರೆಗೂ ಕೂತು ಕೇಳಿದರು. ಇವತ್ತಿಗೂ ಪಾರಿಜಾತ ಎಂದರೆ ಈ ಭಾಗದ ಹಿರಿಯರ ಬಾಯಲ್ಲಿ ಮೊದಲು ಬರುವುದು ಆಕೆಯ ಹೆಸರು. ಅಟ್ಟ ಏರಿದ ಹೆಣ್ಣನ್ನು ನಡತೆಗೆಟ್ಟವಳೆಂದು ಕರೆದ ಬಾಯಿಗಳೂ ಆಗ ಇದ್ದವು. ಅವುಗಳ ಹೆಸರು ಯಾರಿಗೂ ನೆನಪಿಲ್ಲ. ಇನ್ನೊಬ್ಬ ನಿಂಗಮ್ಮನನ್ನು ಕೊಡು ತಾಯಿ, ಗಂಗಿಯ ಕಡೆಯಿಂದ ಆ ಕಥೆಯನ್ನು ಹೇಳುವವಳನ್ನು.

ಹಳಬರನ್ನು ಮರೆಯುವುದಿಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಐಕ್ಯಳಾದ ಗಂಗಾಂಬಿಕೆಯನ್ನು ನೆನೆಯುತ್ತೇನೆ. ಬಸವಣ್ಣನ ಹೆಂಡತಿಯೆಂದು ಗುರುತಿಸುವುದಕ್ಕೆ ಮೊದಲು ಆಕೆಯನ್ನು ವಚನಕಾರ್ತಿಯೆಂದು ಗುರುತಿಸಲಿ, ಆಕೆಗೆ ತನ್ನದೇ ಅಂಕಿತವಿತ್ತು. ಬೈಲಹೊಂಗಲ ಸೀಮೆಯ ಬೆಳವಡಿಯಲ್ಲಿ ಹೆಣ್ಣುಮಕ್ಕಳ ಪಡೆ ಕಟ್ಟಿ ಮರಾಠರ ಸೈನ್ಯಕ್ಕೆ ಎದುರು ನಿಂತ ಮಲ್ಲಮ್ಮನನ್ನೂ ನೆನೆಯುತ್ತೇನೆ. ಅವರ ಮೊಮ್ಮಕ್ಕಳಂತೆ ಕಿತ್ತೂರಿನಲ್ಲಿ ಹುಡುಗಿಯರು ಮುಂಜಾನೆ ಕವಾಯತು ಮಾಡುತ್ತಾರೆ. ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ವಸತಿ ಶಾಲೆ ಅಲ್ಲಿ 1969ರಿಂದ ಇದೆ. ಅವರಲ್ಲಿ ಎಷ್ಟು ತಲೆಮಾರು ಬೂಟು ಕಟ್ಟಿ, ಬಂದೂಕು ಹಿಡಿಯುವುದನ್ನು ಕಲಿತು, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತಮಗೆ ಮುಚ್ಚಿದೆಯೆಂದು ತಿಳಿದುಕೊಂಡೇ ಹೊರಬಂದವು! ಸುಪ್ರೀಂ ಕೋರ್ಟಿನ ಆದೇಶದಿಂದ ಆ ಬಾಗಿಲು ತೆರೆಯಿತು. 2022ರಲ್ಲಿ ಒಳಗೆ ಹೋದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಅದೇ ತಿಂಗಳು ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ವಕೀಲಿ ಮಾಡುತ್ತ ಹೆಣ್ಣುಮಕ್ಕಳ ಗೋಳು ಕೇಳಿಸಿಕೊಂಡವರು ಅವರು. ಕೇಳಿಸಿಕೊಳ್ಳುವವರು ಒಬ್ಬರಿದ್ದರೆ ಆ ಮಾತು ಎಷ್ಟು ದೂರ ಹೋಗುತ್ತದೆಂದು ನಾವು ಕಣ್ಣಾರೆ ಕಂಡೆವು.

ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ 2023ರ ಜೂನ್ 11ರಿಂದ ನಿನ್ನ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಏರಿದೆ. ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ಟು ಹರಿಸಿಕೊಂಡು ಬರುತ್ತಾರೆ. ಬಸ್ಸಿನಲ್ಲಿ ಸೀಟಿಗೆ ಜಗಳ ಆಗುತ್ತದೆ, ಪತ್ರಿಕೆಯವರು ಅದರ ಚಿತ್ರ ಹಾಕುತ್ತಾರೆ. ಗಂಡನ ಕಡೆ ಇಪ್ಪತ್ತು ರೂಪಾಯಿ ಕೇಳದೆ, ಯಾಕೆ ಎಲ್ಲಿಗೆ ಎಂದು ಉತ್ತರ ಕೊಡದೆ ತಾನಾಗಿ ಮನೆಯ ಹೊಸ್ತಿಲು ದಾಟಿದವಳ ಮುಖದ ಚಿತ್ರವನ್ನು ಯಾರೂ ಹಾಕಲಿಲ್ಲ. ಆ ಮುಖವನ್ನು ನೀನು ನೋಡಿದ್ದೀ. ಆ ಧೈರ್ಯ ಗುಡ್ಡದಿಂದ ಇಳಿದ ಮೇಲೂ ಅವರ ಜೊತೆ ಹೋಗಲಿ, ಆಸ್ಪತ್ರೆಯವರೆಗೆ, ಬ್ಯಾಂಕಿನವರೆಗೆ, ಕೋರ್ಟಿನ ಕಟ್ಟೆಯವರೆಗೆ.

ಕಡೆಯದಾಗಿ ಒಬ್ಬಳಿಗಾಗಿ ಬೇಡುತ್ತೇನೆ. ಆಕೆಯ ಹೆಸರು ನಿನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ಗ್ರಾಮ ಪಂಚಾಯ್ತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲಾದ ಮೇಲೆ ಆರಿಸಿಬಂದವಳು, ಕೂಲಿಯವರ ಮನೆಯ ಸೊಸೆ, ಏಳನೆಯ ಇಯತ್ತೆ ಓದಿದವಳು. ಮೊದಲ ಕೆಲವು ಸಭೆಗಳಿಗೆ ಮೈದುನ ಜೊತೆಗೆ ಬರುತ್ತಿದ್ದ, ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಒಂದು ದಿನ ಠರಾವಿನ ಪುಸ್ತಕ ಎಂದಿನಂತೆ ಆಕೆಯ ಮುಂದೆ ಬಂತು, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಆಕೆ ಪೆನ್ನು ಮುಟ್ಟಲಿಲ್ಲ. ‘ಮೊದಲ ಓದಿ ಹೇಳ್ರಿ, ಆಮ್ಯಾಲ ಸಹಿ ಮಾಡ್ತೀನಿ’ ಅಂದಳು. ಓದಿದಾಗ ನೀರಿನ ಪೈಪು ಆಕೆಯ ಕೇರಿಯನ್ನು ಬಿಟ್ಟು ಮುಂದೆ ಹೋಗಿತ್ತು. ಆಕೆ ಅಡ್ಡ ಬರೆಸಿದಳು. ಮುಂದಿನ ಸಭೆಗೆ ಮೈದುನ ಬರಲಿಲ್ಲ. ಪೈಪು ಕೇರಿಗೆ ಬಂತು.

ಆಕೆಯ ಅವಧಿ ಪೂರ್ತಿಯಾಗಲಿ ತಾಯಿ. ಅವಿಶ್ವಾಸದ ಮಾತು ಆಡಿಕೊಳ್ಳುತ್ತಿರುವವರ ಕೈ ಮೇಲಾಗದಿರಲಿ. ಮುಂದಿನ ಚುನಾವಣೆಗೆ ಆ ಕ್ಷೇತ್ರ ಸಾಮಾನ್ಯಕ್ಕೆ ಹೋದರೆ ಆಕೆಗೆ ಟಿಕೆಟ್ಟು ಯಾರು ಕೊಡುತ್ತಾರೆ ಎಂದು ಊರವರು ಈಗಲೇ ಕೇಳುತ್ತಿದ್ದಾರೆ. ಗ್ರಾಮ ಪಂಚಾಯ್ತಿಗೆ ಪಕ್ಷದ ಟಿಕೆಟ್ಟು ಬೇಕಾಗಿಲ್ಲ ಎಂದು ಆಕೆಗೆ ಗೊತ್ತಿದೆ. ಠೇವಣಿಯ ದುಡ್ಡನ್ನು ಕೂಲಿಯಿಂದ ತೆಗೆದಿಡಲು ಆಕೆ ಶುರು ಮಾಡಿದ್ದಾಳೆ. ಗಂಡಸರ ಎದುರಿಗೇ ಆಕೆ ನಿಲ್ಲಲಿ, ತನ್ನ ಹೆಸರು ಹೇಳಿಯೇ ಮತ ಕೇಳಲಿ, ಉಧೋ.